ಅಡುಗೆಮನೆ ಮೇಜಿನ ಮೇಲೆ ಕಾಂಕಾರ್ಡ್: ಬಿಟ್ಟು ಹೋದ ಹೆಂಗಸರನ್ನು ವಾಪಸ್ ಕರೆತಂದ ಒಂದು ಸಾಫ್ಟ್‌ವೇರ್ ಕಂಪನಿ

ಹೆಣ್ಣುಮಕ್ಕಳು ಐಟಿಗೆ ಬರಬೇಕು ಅಂತ ಮಾತೆತ್ತಿದ ಕೂಡಲೇ ಎಲ್ಲರೂ ಶಾಲೆ ಕಡೆ ಓಡುತ್ತಾರೆ. ಹುಡುಗಿಯರಿಗೆ ಕೋಡಿಂಗ್ ಕಲಿಸೋಣ, ಆಸಕ್ತಿ ಹುಟ್ಟಿಸೋಣ, ಒಂದು ವರ್ಕ್‌ಶಾಪ್ ಮಾಡಿ ಟೀ ಶರ್ಟ್ ಹಂಚೋಣ. ಮಾಡಲಿ, ಬೇಡ ಅನ್ನುವವರು ಯಾರು? ಆದರೆ ಬೆಂಗಳೂರು, ಮೈಸೂರು, ಹುಬ್ಬಳ್ಳಿ ಕಡೆಯ ಇಂಜಿನಿಯರಿಂಗ್ ಕಾಲೇಜುಗಳ ಕಂಪ್ಯೂಟರ್ ಸೈನ್ಸ್ ಕ್ಲಾಸಿಗೆ ಹೋಗಿ ನೋಡಿ. ಅಲ್ಲಿ ಹುಡುಗಿಯರಿಗೇನೂ ಬರವಿಲ್ಲ. ಕೆಲಸಕ್ಕೆ ಸೇರುವ ದಿನವೂ ಇರುತ್ತಾರೆ. ಹತ್ತು ಹನ್ನೆರಡು ವರ್ಷ ಬಿಟ್ಟು ಅದೇ ಆಫೀಸಿನ ಮ್ಯಾನೇಜರ್‌ಗಳ ಮೀಟಿಂಗಿಗೆ ಹೋದರೆ ಬೆರಳೆಣಿಕೆ. ನಡುವೆ ಮದುವೆ ಬಂತು, ಮಗು ಬಂತು, ಅತ್ತೆಗೆ ಹುಷಾರಿಲ್ಲದಾಯಿತು.

ಅದಕ್ಕೇ ಈ ಅಧ್ಯಯನಕ್ಕೆ ಶಾಲೆಯನ್ನೋ ಕಾಲೇಜನ್ನೋ ಆರಿಸಿಕೊಳ್ಳಲಿಲ್ಲ. ಕೆಲಸ ಗೊತ್ತಿದ್ದೂ ಮನೆಯಲ್ಲಿ ಕೂತಿದ್ದ ಹೆಂಗಸರನ್ನು ಹುಡುಕಿ ಕೆಲಸ ಕೊಟ್ಟ ಕಂಪನಿಯೊಂದರ ಕಥೆ ಇದು. ಜಾಗ ಇಂಗ್ಲೆಂಡ್, ವರ್ಷ 1962. ಕಂಪನಿಯ ಹೆಸರು ಫ್ರೀಲಾನ್ಸ್ ಪ್ರೋಗ್ರಾಮರ್ಸ್. ಕಟ್ಟಿದವರು ಸ್ಟೆಫನಿ ಶರ್ಲಿ. ಬಂಡವಾಳ 6 ಪೌಂಡ್.

ಯಾರು ಈ ಶರ್ಲಿ

ಹುಟ್ಟಿದ್ದು 1933ರಲ್ಲಿ, ಜರ್ಮನಿಯ ಡಾರ್ಟ್‌ಮುಂಡ್‌ನಲ್ಲಿ. ಆಗಿನ ಹೆಸರು ವೆರಾ ಬುಖ್‌ತಾಲ್. ಅಪ್ಪ ಯಹೂದಿ, ನ್ಯಾಯಾಧೀಶರಾಗಿದ್ದವರು. ನಾಜಿಗಳು ಬಂದ ಮೇಲೆ ಆ ಕೆಲಸ ಹೋಯಿತು. 1939ರಲ್ಲಿ ಐದು ವರ್ಷದ ವೆರಾಳನ್ನೂ ಒಂಬತ್ತು ವರ್ಷದ ಅಕ್ಕನನ್ನೂ ಮಕ್ಕಳನ್ನು ಪಾರು ಮಾಡುವ ರೈಲಿನಲ್ಲಿ ಕೂರಿಸಿ ಇಂಗ್ಲೆಂಡಿಗೆ ಕಳಿಸಿದರು. ಅಲ್ಲಿ ಸಾಕು ತಂದೆತಾಯಿಯ ಮನೆಯಲ್ಲಿ ಬೆಳೆದರು. ಹೆಣ್ಣುಮಕ್ಕಳ ಶಾಲೆಯಲ್ಲಿ ಬೇಕಾದಷ್ಟು ಗಣಿತ ಕಲಿಸುತ್ತಿರಲಿಲ್ಲ ಅಂತ ಗಣಿತದ ಪಾಠಕ್ಕೆ ಗಂಡುಮಕ್ಕಳ ಶಾಲೆಗೆ ಹೋಗಬೇಕಾಯಿತು.

ಮುಂದೆ ಲಂಡನ್ನಿನ ಡಾಲಿಸ್ ಹಿಲ್‌ನಲ್ಲಿದ್ದ ಅಂಚೆ ಇಲಾಖೆಯ ಸಂಶೋಧನಾ ಕೇಂದ್ರದಲ್ಲಿ ಕೆಲಸ ಸಿಕ್ಕಿತು. ಯುದ್ಧಕಾಲದಲ್ಲಿ ಜರ್ಮನ್ ಗುಪ್ತ ಸಂದೇಶ ಒಡೆಯಲು ಕೊಲೋಸಸ್ ಯಂತ್ರ ಕಟ್ಟಿದ ಜಾಗವೇ ಅದು. ಹಗಲು ಕೆಲಸ, ಸಂಜೆ ಕಾಲೇಜು. ಹಾಗೇ ಗಣಿತದಲ್ಲಿ ಡಿಗ್ರಿ ಮುಗಿಸಿದರು. ಕೆಲಸ ಚೆನ್ನಾಗಿತ್ತು, ಸಂಬಳದ ಪಟ್ಟಿ ಮಾತ್ರ ಎರಡು: ಗಂಡಸರಿಗೊಂದು, ಹೆಂಗಸರಿಗೊಂದು. ಬ್ರಿಟನ್ನಿನ ಸರ್ಕಾರಿ ನೌಕರಿಯಲ್ಲಿ ಸಮಾನ ಸಂಬಳ ಕಂತು ಕಂತಾಗಿ ಜಾರಿಯಾಗಿದ್ದು 1955ರಿಂದ 1961ರ ನಡುವೆ.

ಅಲ್ಲಿಂದ ಒಂದು ಖಾಸಗಿ ಕಂಪ್ಯೂಟರ್ ಕಂಪನಿಗೆ ಹೋದರು. ಅಲ್ಲಿನ ಒಂದು ಮೀಟಿಂಗಿನಲ್ಲಿ ಬೆಲೆಯ ವಿಷಯಕ್ಕೆ ಏನೋ ಸಲಹೆ ಕೊಟ್ಟರೆ, ಅದು ನಿಮಗೆ ಸಂಬಂಧಪಟ್ಟದ್ದಲ್ಲ, ನೀವು ತಾಂತ್ರಿಕ ವಿಭಾಗದವರು ಅನ್ನೋ ಉತ್ತರ ಬಂತು. ಮುಂದಿನ ವರ್ಷಗಳಲ್ಲಿ ಈ ಪ್ರಸಂಗವನ್ನು ಅವರೇ ಹೇಳಿಕೊಂಡಿದ್ದಾರೆ. ಕೆಲಸ ಬಿಟ್ಟರು. ತಾನು ಕೆಲಸ ಮಾಡಲು ಇಷ್ಟಪಡುವಂಥ ಕಂಪನಿಯನ್ನು ತಾನೇ ಮಾಡೋಣ ಅಂತ ಹೊರಟರು. ಗಂಡ ಡೆರೆಕ್ ಭೌತವಿಜ್ಞಾನಿ, ಅವರ ಸಂಬಳದಲ್ಲಿ ಮನೆ ನಡೆಯುತ್ತಿತ್ತು. ಇದನ್ನು ಮರೆಯಬಾರದು, 6 ಪೌಂಡಿನ ಕಥೆ ಹೇಳುವವರು ಇದನ್ನು ಹೇಳುವುದು ಕಮ್ಮಿ.

ಸಮಸ್ಯೆ ಏನಿತ್ತು

1960ರ ದಶಕದ ಶುರುವಿನಲ್ಲಿ ಬ್ರಿಟನ್ನಿನಲ್ಲಿ ಪ್ರೋಗ್ರಾಮಿಂಗ್ ಗೊತ್ತಿದ್ದ ಹೆಂಗಸರು ಕಮ್ಮಿ ಇರಲಿಲ್ಲ. ಯುದ್ಧಕಾಲದಿಂದಲೂ ಯಂತ್ರದ ಮುಂದೆ ಕೂರುತ್ತಿದ್ದವರಲ್ಲಿ ಹೆಂಗಸರೇ ಜಾಸ್ತಿ. ಆದರೆ ಮದುವೆಯಾದರೆ ಒಂದು ತರಹ ನೋಡುತ್ತಿದ್ದರು, ಬಸುರಿಯಾದರೆ ಕೆಲಸ ಮುಗಿದ ಹಾಗೆಯೇ. ಮಗುವಾದ ಮೇಲೆ ವಾಪಸ್ ಬರುತ್ತೇನೆ ಅಂದರೆ ಬಾಗಿಲು ತೆರೆಯುವ ಕಂಪನಿ ಸಿಗುತ್ತಿರಲಿಲ್ಲ. ಇನ್ನೊಂದು ಕಡೆ, ಕಂಪ್ಯೂಟರ್ ಕೊಂಡ ಕಂಪನಿಗಳಿಗೆ ಪ್ರೋಗ್ರಾಮರ್‌ಗಳೇ ಸಿಗುತ್ತಿರಲಿಲ್ಲ.

ಶರ್ಲಿ ಕಂಡಿದ್ದು ಇಷ್ಟೇ: ಕೆಲಸ ಬಲ್ಲವರು ಮನೆಯಲ್ಲಿದ್ದಾರೆ, ಕೆಲಸ ಆಫೀಸಿನಲ್ಲಿದೆ. ಹೆಂಗಸರನ್ನು ಆಫೀಸಿಗೆ ಎಳೆಯುವ ಬದಲು ಕೆಲಸವನ್ನೇ ಮನೆಗೆ ಕಳಿಸಿದರೆ?

ಈಗ ಕೇಳಿದರೆ ಇದರಲ್ಲೇನಿದೆ ಅನಿಸುತ್ತದೆ. ಆದರೆ ಆಗ ಲ್ಯಾಪ್‌ಟಾಪ್ ಇಲ್ಲ, ಇಂಟರ್‌ನೆಟ್ ಇಲ್ಲ, ಮನೆಯಲ್ಲಿ ಕಂಪ್ಯೂಟರಿನ ಮಾತು ದೂರ. ಸಾಫ್ಟ್‌ವೇರನ್ನು ದುಡ್ಡು ಕೊಟ್ಟು ಕೊಳ್ಳಬೇಕು ಅನ್ನುವ ಅಭ್ಯಾಸವೂ ಬೆಳೆದಿರಲಿಲ್ಲ. ಯಂತ್ರ ಕೊಂಡರೆ ಸಾಫ್ಟ್‌ವೇರ್ ಜೊತೆಗೇ ಬರುತ್ತಿತ್ತು. ಆಗಿನ ದೊಡ್ಡ ಕಂಪ್ಯೂಟರ್ ಕಂಪನಿ ಐಬಿಎಂ ಸಾಫ್ಟ್‌ವೇರಿಗೆ ಬೇರೆ ಬೆಲೆ ಹಾಕುತ್ತೇನೆ ಅಂದಿದ್ದೇ 1969ರಲ್ಲಿ. ಯಾರೂ ಕೊಳ್ಳದ ಸರಕನ್ನು, ಹೆಂಗಸೊಬ್ಬಳು, ಮನೆಯಲ್ಲಿ ಕೂತು ಮಾರಲು ಹೊರಟಿದ್ದು ಇದು.

ಕೆಲಸ ಹೇಗೆ ನಡೆಯುತ್ತಿತ್ತು

ಈ ಪ್ರಕರಣದ ತಿರುಳು ಇಲ್ಲಿದೆ, ಸ್ವಲ್ಪ ನಿಂತು ನೋಡೋಣ.

ಕೆಲಸಕ್ಕೆ ಅರ್ಜಿ ಹಾಕಿದವರಿಗೆ ಕೇಳುತ್ತಿದ್ದ ಪ್ರಶ್ನೆಗಳಲ್ಲಿ ಒಂದು: ನಿಮಗೆ ಟೆಲಿಫೋನ್ ಸಿಗುತ್ತದೆಯೇ? ಆಗ ಎಲ್ಲರ ಮನೆಯಲ್ಲೂ ಫೋನ್ ಇರುತ್ತಿರಲಿಲ್ಲ. ಫೋನ್ ಇದ್ದು, ಪ್ರೋಗ್ರಾಮಿಂಗ್ ಅನುಭವ ಇದ್ದರೆ ಸಾಕು. ಮಗು ಇದೆಯಾ, ಎಷ್ಟು ವರ್ಷ ಗ್ಯಾಪ್ ಆಗಿದೆ ಅನ್ನುವುದು ಅಲ್ಲಿ ಅಡ್ಡಿಯೇ ಆಗಿರಲಿಲ್ಲ. ಮಗು ಇದ್ದವರಿಗಾಗಿಯೇ ಕಂಪನಿ ಇದ್ದಿದ್ದು.

ಪ್ರೋಗ್ರಾಮರ್ ಮನೆಯಲ್ಲಿ ಪೆನ್ಸಿಲ್ ಪೇಪರ್ ಹಿಡಿದು ಕೂರುತ್ತಿದ್ದಳು. ಮೊದಲು ಫ್ಲೋಚಾರ್ಟ್, ಅಂದರೆ ಕೆಲಸದ ಹೆಜ್ಜೆಗಳ ನಕ್ಷೆ. ಆಮೇಲೆ ಹಾಳೆಯ ಮೇಲೆ ಕೈಯಲ್ಲೇ ಕೋಡ್, ಅದೂ ಹೆಚ್ಚಾಗಿ ಯಂತ್ರಭಾಷೆಯಲ್ಲಿ, ಅಂದರೆ ಕಂಪ್ಯೂಟರಿಗೆ ನೇರ ಅರ್ಥವಾಗುವ ಸಂಕೇತಗಳಲ್ಲಿ. ಆ ಹಾಳೆಗಳನ್ನು ಲಕೋಟೆಗೆ ಹಾಕಿ ಅಂಚೆಗೆ. ಅವು ಡೇಟಾ ಸೆಂಟರಿಗೆ ಹೋಗಿ ಪೇಪರ್ ಟೇಪ್ ಅಥವಾ ಕಾರ್ಡಿನ ಮೇಲೆ ತೂತುಗಳಾಗಿ ಪಂಚ್ ಆಗುತ್ತಿದ್ದವು. ತಪ್ಪಿದೆಯಾ ನೋಡಲು ಇನ್ನೊಂದು ಸಲ ಪಂಚ್. ಇಷ್ಟೆಲ್ಲ ಆದ ಮೇಲೆಯೇ ಕಂಪ್ಯೂಟರಿನ ಹತ್ತಿರ ಹೋಗುವುದು. ಒಂದು ಕಾಮಾ ತಪ್ಪಿದರೆ ದಿನಗಟ್ಟಲೆ ನಷ್ಟ. ಈಗಿನ ಹಾಗೆ ರನ್ ಮಾಡಿ ನೋಡೋಣ, ಬರದಿದ್ದರೆ ಸರಿ ಮಾಡೋಣ ಅನ್ನುವ ಹಾಗಿರಲಿಲ್ಲ. ಬರೆಯುವಾಗಲೇ ಸರಿ ಬರೆಯಬೇಕಿತ್ತು.

ಒಂದು ರೀತಿಯಲ್ಲಿ ಇದೇ ಅನುಕೂಲವಾಯಿತು. ಆಗಿನ ಪ್ರೋಗ್ರಾಮಿಂಗ್‌ಗೆ ದಿನವಿಡೀ ಯಂತ್ರದ ಮುಂದೆ ಇರಬೇಕಾದ ಅಗತ್ಯವೇ ಇರಲಿಲ್ಲ. ಯೋಚನೆ ಮಾಡಲು, ಬರೆಯಲು ಒಂದು ಮೇಜು ಸಾಕು. ಮಗು ಮಲಗಿದಾಗ ಎರಡು ಗಂಟೆ, ರಾತ್ರಿ ಊಟ ಆದ ಮೇಲೆ ಎರಡು ಗಂಟೆ. ಕೆಲಸ ಗಂಟೆಗೆ ಅಂಟಿಕೊಂಡಿರಲಿಲ್ಲ, ಮುಗಿಸಿದ ತುಂಡಿಗೆ ಅಂಟಿಕೊಂಡಿತ್ತು.

ಗಿರಾಕಿಗೆ ಹೇಳುವ ಬೆಲೆಯೂ ಹಾಗೇ. ಇಡೀ ಕೆಲಸಕ್ಕೆ ಇಷ್ಟು ಅಂತ ಫಿಕ್ಸ್. ಯಾರು ಎಷ್ಟು ಗಂಟೆ, ಯಾವ ಹೊತ್ತಿನಲ್ಲಿ ಮಾಡಿದರು ಅನ್ನುವ ಪ್ರಶ್ನೆಯೇ ಏಳುವುದಿಲ್ಲ. ನನ್ನ ಪ್ರಕಾರ ಇಡೀ ಪ್ರಕರಣದಲ್ಲಿ ಅತಿ ಜಾಣತನದ ನಿರ್ಧಾರ ಇದೇ. ಗಂಟೆ ಲೆಕ್ಕದಲ್ಲಿ ಬಿಲ್ ಮಾಡಿದ್ದರೆ ಗಿರಾಕಿ ಗಡಿಯಾರ ನೋಡುತ್ತಿದ್ದ, ಕಂಪನಿ ಪ್ರೋಗ್ರಾಮರಿನ ಮೇಲೆ ಗಡಿಯಾರ ಹೇರುತ್ತಿತ್ತು. ಆದರೆ ಫಿಕ್ಸ್ ಬೆಲೆ ಹೇಳಬೇಕಾದರೆ ಅಂದಾಜು ಪಕ್ಕಾ ಇರಬೇಕು. ಅಂದಾಜು ತಪ್ಪಿದರೆ ನಷ್ಟ ನೇರ ಕಂಪನಿಯ ತಲೆಗೆ. ಅದಕ್ಕೆ ಅವರು ಕೆಲಸವನ್ನು ಹೇಗೆ ತುಂಡು ಮಾಡಬೇಕು, ಯಾವ ಹಂತದಲ್ಲಿ ಏನನ್ನು ಪರೀಕ್ಷಿಸಬೇಕು, ಏನನ್ನು ಬರೆದಿಡಬೇಕು ಅನ್ನುವುದಕ್ಕೆಲ್ಲ ನಿಯಮ ಮಾಡಿಕೊಂಡರು. ಸಾಫ್ಟ್‌ವೇರ್ ಕೆಲಸದ ನಿರ್ವಹಣೆಗೆ ಮಾನದಂಡ ಬರೆದುಕೊಡುವುದೇ ಅವರ ಶುರುವಿನ ಪ್ರಾಜೆಕ್ಟ್‌ಗಳಲ್ಲಿ ಒಂದಾಗಿತ್ತು. ಗಿರಾಕಿಗೆ ಬರೆದಿದ್ದನ್ನು ತಾವೂ ಬಳಸಿದರು. ಮುಂದೆ ಆ ಮಾನದಂಡಗಳನ್ನು ಪಶ್ಚಿಮ ದೇಶಗಳ ಸೇನಾ ಒಕ್ಕೂಟವಾದ ನೇಟೋ ಕೂಡ ತೆಗೆದುಕೊಂಡಿತು ಅಂತ ಶರ್ಲಿ ಹೇಳಿದ್ದಾರೆ.

ಮನೆಯಿಂದ ಕೆಲಸ ಅಂದರೆ ಸಡಿಲ ಅನ್ನುವ ನಂಬಿಕೆ ಇದೆಯಲ್ಲ, ಇಲ್ಲಿ ಅದು ಪೂರ್ತಿ ಉಲ್ಟಾ. ಒಂದೇ ಕೋಣೆಯಲ್ಲಿ ಕೂತವರು ಬಾಯಿಮಾತಲ್ಲಿ ದಾಟಿಸಿಬಿಡುವುದನ್ನೆಲ್ಲ ಇವರು ಬರವಣಿಗೆಯಲ್ಲಿ ಇಡಬೇಕಾಯಿತು.

ಸ್ಟೀವ್ ಅನ್ನುವ ಸಹಿ

ಗಿರಾಕಿ ಹುಡುಕಲು ಶರ್ಲಿ ಕಂಪನಿಗಳಿಗೆ ಪತ್ರ ಬರೆಯುತ್ತಿದ್ದರು. ಸ್ಟೆಫನಿ ಶರ್ಲಿ ಅಂತ ಸಹಿ. ಉತ್ತರವೇ ಇಲ್ಲ. ಸ್ಟೀವ್ ಅಂತ ಗಂಡಸಿನ ಹೆಸರಲ್ಲಿ ಸಹಿ ಹಾಕಿ ನೋಡು ಅಂದವರು ಗಂಡ. ಹಾಕಿದರು. ಭೇಟಿಗೆ ಕರೆ ಬರತೊಡಗಿತು. ಬಾಗಿಲು ತೆಗೆದಾಗ ಸ್ಟೀವ್ ಅನ್ನೋರು ಹೆಂಗಸು ಅಂತ ಗೊತ್ತಾಗುತ್ತಿತ್ತು, ಆದರೆ ಅಷ್ಟರಲ್ಲಿ ಅವರು ಒಳಗೆ ಬಂದಾಗಿರುತ್ತಿತ್ತು. ಆಪ್ತರು ಕೊನೆತನಕ ಅವರನ್ನು ಕರೆದಿದ್ದು ಸ್ಟೀವ್ ಅಂತಲೇ.

ಇನ್ನೊಂದು ಉಪಾಯ ಫೋನಿಗೆ ಸಂಬಂಧಿಸಿದ್ದು. 1963ರಲ್ಲಿ ಮಗ ಗೈಲ್ಸ್ ಹುಟ್ಟಿದ. ಗಿರಾಕಿ ಫೋನ್ ಮಾಡಿದಾಗ ಹಿಂದೆ ಮಗು ಅಳುವ ಸದ್ದು ಕೇಳಿದರೆ ಮುಗಿಯಿತು. ಅದಕ್ಕೆ ಟೈಪ್‌ರೈಟರ್ ಸದ್ದನ್ನು ಟೇಪಿನಲ್ಲಿ ರೆಕಾರ್ಡ್ ಮಾಡಿ ಇಟ್ಟುಕೊಂಡರು. ಫೋನ್ ಬಂದ ಕೂಡಲೇ ಟೇಪ್ ಆನ್. ಆ ಕಡೆಯವರಿಗೆ ಭರ್ಜರಿ ಆಫೀಸಿನ ಚಟಪಟ ಕೇಳಿಸುತ್ತಿತ್ತು. ವೀಡಿಯೊ ಕಾಲ್‌ನಲ್ಲಿ ಬ್ಯಾಕ್‌ಗ್ರೌಂಡ್ ಬ್ಲರ್ ಮಾಡಿ, ಮಗುವನ್ನು ಕಾಲಲ್ಲಿ ತಡೆದು ಹಿಡಿದು ಮಾತಾಡಿದವರಿಗೆ ಇದನ್ನು ವಿವರಿಸಬೇಕಿಲ್ಲ, ಅಲ್ವಾ?

ಕಂಪನಿಗೆ ಸಿಕ್ಕಿದ್ದು ಸಣ್ಣಪುಟ್ಟ ಕೆಲಸಗಳಲ್ಲ. ಸರಕು ರೈಲುಗಳ ವೇಳಾಪಟ್ಟಿ, ಬಸ್ಸುಗಳ ವೇಳಾಪಟ್ಟಿ, ಗೋದಾಮಿನ ದಾಸ್ತಾನು ಲೆಕ್ಕ. ಎಲ್ಲಕ್ಕಿಂತ ಹೆಸರಾಗಿದ್ದು ಕಾಂಕಾರ್ಡ್ ವಿಮಾನದ ಹಾರಾಟದ ವಿವರ ದಾಖಲಿಸುವ ಬ್ಲ್ಯಾಕ್ ಬಾಕ್ಸ್ ಫ್ಲೈಟ್ ರೆಕಾರ್ಡರಿನ ಪ್ರೋಗ್ರಾಮಿಂಗ್. ಶಬ್ದಕ್ಕಿಂತ ವೇಗವಾಗಿ ಹಾರುವ ವಿಮಾನ, ಬ್ರಿಟನ್ ಮತ್ತು ಫ್ರಾನ್ಸ್ ಎರಡೂ ದೇಶಗಳ ಪ್ರತಿಷ್ಠೆಯ ಪ್ರಶ್ನೆ. ಅದರ ಪ್ರೋಗ್ರಾಂ ಬರೆದ ತಂಡ ತಮ್ಮ ತಮ್ಮ ಮನೆಗಳಲ್ಲಿ ಕೂತಿತ್ತು. ಮುಂದೆ ನಿಂತು ನಡೆಸಿದವರು ಆ್ಯನ್ ಮೊಫಾಟ್. 1960ರ ದಶಕದ ನಡುವಿನ ಒಂದು ಕಪ್ಪುಬಿಳುಪು ಫೋಟೋ ಇದೆ: ಅಡುಗೆಮನೆ ಮೇಜು, ಅದರ ಮೇಲೆ ಹಾಳೆಗಳು, ಬರೆಯುತ್ತಿರುವ ಮೊಫಾಟ್, ಪಕ್ಕದಲ್ಲಿ ಪುಟ್ಟ ಮಗು. ಮೊಫಾಟ್ ಮುಂದೆ ಅದೇ ಕಂಪನಿಯ ತಾಂತ್ರಿಕ ನಿರ್ದೇಶಕಿಯಾದರು, ಆಮೇಲೆ ಆಸ್ಟ್ರೇಲಿಯಾಕ್ಕೆ ಹೋಗಿ ಅಲ್ಲೂ ದೊಡ್ಡ ಹುದ್ದೆ ನಡೆಸಿದರು. ಆ ಮೇಜಿನಿಂದ ಮೇಲೆ ಹತ್ತುವ ದಾರಿ ಇತ್ತು ಅನ್ನುವುದು ಇಲ್ಲಿ ಮುಖ್ಯ. ಮನೆಯಿಂದ ಮಾಡುವವರಿಗೆ ಉಳಿದ ಚೂರುಪಾರು ಕೆಲಸ, ಆಫೀಸಿನಲ್ಲಿರುವವರಿಗೆ ಪ್ರಮೋಷನ್ ಅನ್ನುವ ಎರಡು ಸಾಲು ಅಲ್ಲಿರಲಿಲ್ಲ. ಎಲ್ಲರೂ ಮನೆಯಲ್ಲೇ ಇದ್ದರಲ್ಲ!

ಕಾನೂನು ಬಂತು, ಗಂಡಸರೂ ಬಂದರು

ಮೊದಲ 300 ಜನರಲ್ಲಿ 297 ಹೆಂಗಸರು, ಮೂವರು ಗಂಡಸರು. ಹೆಂಗಸರಿಗೆ ಕೆಲಸ ಕೊಡುವುದೇ ನಮ್ಮ ನೀತಿ ಅಂತ ಕಂಪನಿ ಬಹಿರಂಗವಾಗಿ ಹೇಳುತ್ತಿತ್ತು. 1975ರಲ್ಲಿ ಬ್ರಿಟನ್ನಿನಲ್ಲಿ ಲಿಂಗ ತಾರತಮ್ಯ ತಡೆಯುವ ಕಾಯ್ದೆ ಬಂತು. ಹೆಂಗಸರ ಪರವಾಗಿ ಅಂತ ತಂದ ಕಾಯ್ದೆ. ಅದರ ಪ್ರಕಾರ ಹೆಂಗಸರಿಗೆ ಮಾತ್ರ ಕೆಲಸ ಅನ್ನುವುದೂ ತಾರತಮ್ಯವೇ! ಹೀಗಾಗಿ ಗಂಡಸರಿಗೂ ಬಾಗಿಲು ತೆರೆಯಬೇಕಾಯಿತು. ಶರ್ಲಿ ಇದನ್ನು ನಗುತ್ತಲೇ ಹೇಳುತ್ತಿದ್ದರು. ನೀತಿಯ ಸಾಲು ಬದಲಾಯಿತು, ಕೆಲಸದ ರೀತಿ ಬದಲಾಗಲಿಲ್ಲ. ಮನೆ ನೋಡಿಕೊಳ್ಳುವ ಜವಾಬ್ದಾರಿ ಇರುವವರಿಗೆ ಕೆಲಸ ಅಂತಾಯಿತು. ಆ ಜವಾಬ್ದಾರಿ ಯಾರ ಮೇಲಿತ್ತು ಅಂತ ಬೇರೆ ಹೇಳಬೇಕೇ?

ಕಂಪನಿ ಆಗಲೇ ಎಫ್ ಇಂಟರ್‌ನ್ಯಾಷನಲ್ ಅನ್ನುವ ಹೆಸರಿಗೆ ಬಂದಿತ್ತು, ಮುಂದೆ ಎಫ್‌ಐ ಗ್ರೂಪ್ ಆಯಿತು. ಶರ್ಲಿ ಸುಮಾರು ಕಾಲುಭಾಗದಷ್ಟು ಪಾಲನ್ನು ಕೆಲಸಗಾರರ ಕೈಗೆ ದಾಟಿಸಿದರು, ತಮ್ಮದೇ ಪಾಲಿನಿಂದ. 1996ರಲ್ಲಿ ಲಂಡನ್ ಷೇರು ಪೇಟೆಗೆ ಬಂತು. ಕಂಪನಿಯ ಬೆಲೆ ಒಂದು ಹಂತದಲ್ಲಿ 300 ಕೋಟಿ ಡಾಲರ್ ದಾಟಿತು. ಕೆಲಸ ಮಾಡುತ್ತಿದ್ದವರಲ್ಲಿ 70 ಜನ ಮಿಲಿಯನೇರ್ ಆದರು. 2001ರಲ್ಲಿ ಕ್ಸಾನ್ಸಾ ಅಂತ ಹೆಸರು ಬದಲಾಯಿತು, 2007ರಲ್ಲಿ ಫ್ರಾನ್ಸಿನ ಸ್ಟೇರಿಯಾ ಅದನ್ನು ಕೊಂಡಿತು.

ಆ ಹೊತ್ತಿಗೆ ಅದರ ಕೆಲಸಗಾರರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಭಾರತದಲ್ಲಿದ್ದರು, ನೋಯ್ಡಾ, ಚೆನ್ನೈ ಕಡೆ, ದೊಡ್ಡ ದೊಡ್ಡ ಆಫೀಸುಗಳಲ್ಲಿ. ಅಡುಗೆಮನೆ ಮೇಜಿನಿಂದ ಶುರುವಾದ ಕಂಪನಿ ಕೊನೆಗೆ ನಮ್ಮಲ್ಲಿಗೆ ಬಂದಾಗ ಎಲ್ಲ ಐಟಿ ಕಂಪನಿಗಳ ಹಾಗೇ ಆಗಿತ್ತು.

ಹೊಳಪಿನ ಹಿಂದಿನದು

ಈ ಕಥೆಯನ್ನು ಸುಮ್ನೆ ಹೊಗಳಿ ಮುಗಿಸಿದರೆ ಅಧ್ಯಯನ ಆಗುವುದಿಲ್ಲ.

ಮೊದಲನೆಯದಾಗಿ, ಇವರು ಆರಿಸಿಕೊಂಡಿದ್ದು ಈಗಾಗಲೇ ಕೆಲಸ ಬಲ್ಲವರನ್ನು. ತರಬೇತಿಯ ಖರ್ಚನ್ನು ಬೇರೆ ಕಂಪನಿಗಳು, ಸರ್ಕಾರ ಆಗಲೇ ಮಾಡಿಯಾಗಿತ್ತು. ಹೊಸದಾಗಿ ಕಲಿಯಬೇಕಾದ ಹುಡುಗಿಗೆ ಈ ಮಾದರಿಯಲ್ಲಿ ಜಾಗ ಕಮ್ಮಿ. ಪಕ್ಕದಲ್ಲಿ ಕೂತು ತಪ್ಪು ತೋರಿಸುವ ಹಿರಿಯರಿಲ್ಲದೆ, ಅಂಚೆಯಲ್ಲಿ ಕೋಡ್ ಕಲಿಯುವುದು ಹೇಗೆ? ಫೋನ್ ಇರುವ ಮನೆ, ಸಂಬಳ ತರುವ ಗಂಡ ಇವೆರಡೂ ಇದ್ದವರಿಗೆ ಹೊಂದುತ್ತಿದ್ದ ವ್ಯವಸ್ಥೆ ಅದು.

ಎರಡನೆಯದು ಹಣದ ವಿಷಯ. ಹೆಸರೇ ಫ್ರೀಲಾನ್ಸ್. ಕೆಲಸ ಇದ್ದರೆ ದುಡ್ಡು, ಇಲ್ಲದಿದ್ದರೆ ಇಲ್ಲ. 1970ರ ದಶಕದ ಶುರುವಿನಲ್ಲಿ ಆರ್ಥಿಕ ಹಿಂಜರಿತ ಬಂದಾಗ ಕಂಪನಿಯೇ ಮುಳುಗುವ ಹಂತಕ್ಕೆ ಹೋಗಿತ್ತು. ಅಂಥ ಹೊತ್ತಲ್ಲಿ ಮೊದಲು ಖಾಲಿಯಾಗುವುದು ಮನೆಯಲ್ಲಿ ಕೂತವಳ ಮೇಜು. ಷೇರು ಕೊಟ್ಟಿದ್ದು, 70 ಜನ ಶ್ರೀಮಂತರಾಗಿದ್ದು ಎಲ್ಲ ಆಮೇಲಿನ ಮಾತು. ಷೇರುದಾರರಿಗೆ ಲಾಭದ ಪಾಲು, ಅಂದರೆ ಮೊದಲ ಡಿವಿಡೆಂಡ್ ಕೊಡಲಿಕ್ಕೇ ಕಾಲು ಶತಮಾನ ಬೇಕಾಯಿತು. ಇವತ್ತು ತುಂಡು ತುಂಡಾಗಿ ಸಿಗುವ ಗಿಗ್ ಕೆಲಸವನ್ನು ಹೆಂಗಸರಿಗೆ ವರದಾನ ಅಂತ ಮಾರುವವರು ಕಥೆಯ ಈ ಭಾಗವನ್ನೂ ಓದಬೇಕು.

ಶರ್ಲಿಯವರ ಮನೆಯ ಕಥೆಯೂ ಸುಲಭದ್ದಲ್ಲ. ಗೈಲ್ಸ್‌ಗೆ ತೀವ್ರ ಆಟಿಸಂ, ಜೊತೆಗೆ ಮೂರ್ಛೆರೋಗ. ಅವನ ಆರೈಕೆ, ಕಂಪನಿಯ ಒತ್ತಡ ಎರಡೂ ಸೇರಿ ಅವರೇ ಒಮ್ಮೆ ಕುಸಿದು ಆಸ್ಪತ್ರೆ ಸೇರಿದ್ದರು. 1998ರಲ್ಲಿ, 35ನೇ ವಯಸ್ಸಿನಲ್ಲಿ ಮಗ ತೀರಿಕೊಂಡ. ಗಳಿಸಿದ ಹಣದಲ್ಲಿ ಬಹುಪಾಲನ್ನು ಆಟಿಸಂ ಇರುವವರಿಗಾಗಿ, ಸಂಶೋಧನೆಗಾಗಿ ಕೊಟ್ಟರು. 2025ರ ಆಗಸ್ಟ್‌ನಲ್ಲಿ, 91ನೇ ವಯಸ್ಸಿನಲ್ಲಿ ತೀರಿಕೊಂಡರು. ಮನೆಯಿಂದ ಕೆಲಸ ಅನ್ನುವುದು ಮನೆಗೆಲಸವನ್ನು ಕಮ್ಮಿ ಮಾಡುವುದಿಲ್ಲ. ಎರಡನ್ನೂ ಒಂದೇ ಸೂರಿನಡಿ ತರುತ್ತದೆ, ಅಷ್ಟೇ. ಯಾರು ಯಾವ ಕೆಲಸ ಹಂಚಿಕೊಳ್ಳುತ್ತಾರೆ ಅನ್ನುವುದು ಬೇರೆಯೇ ಲೆಕ್ಕ.

ನಮ್ಮ ಕಡೆಗೆ ತಿರುಗಿದರೆ

ಭಾರತದ ಐಟಿ ಕೆಲಸಗಾರರಲ್ಲಿ ಹೆಂಗಸರು ಮೂರರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿ. ಬೇರೆ ಉದ್ಯಮಗಳಿಗೆ ಹೋಲಿಸಿದರೆ ಒಳ್ಳೆಯ ಸಂಖ್ಯೆಯೇ. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯಿಂದ ಮೊದಲ ಎರಡು ಹೆರಿಗೆಗೆ 26 ವಾರ ಸಂಬಳ ಸಹಿತ ರಜೆ ಬಂತು, 50 ಅಥವಾ ಅದಕ್ಕಿಂತ ಹೆಚ್ಚು ಜನ ಇರುವಲ್ಲಿ ಶಿಶುಪಾಲನಾ ಕೇಂದ್ರ ಕಡ್ಡಾಯ ಆಯಿತು. ರಜೆ ಮುಗಿದ ಮೇಲೆ ಮನೆಯಿಂದ ಕೆಲಸ ಮಾಡಲೂ ಅವಕಾಶ ಇದೆ, ಆದರೆ ಕೆಲಸದ ಸ್ವರೂಪಕ್ಕೆ ಹೊಂದಬೇಕು, ಮಾಲೀಕರೂ ಒಪ್ಪಬೇಕು. ಅಂದರೆ ಕೊನೆಗೆ ಎಲ್ಲ ನಿಂತಿರುವುದು ಮ್ಯಾನೇಜರ್ ಹೂಂ ಅನ್ನುವುದರ ಮೇಲೆ.

ಕೋವಿಡ್ ಬಂದು ಇಡೀ ಬೆಂಗಳೂರೇ ಮನೆಯಿಂದ ಕೆಲಸ ಮಾಡಿತು. ಆಮೇಲೆ ಆಫೀಸಿಗೆ ಬನ್ನಿ ಅಂತ ಕರೆ ಬಂತು. 2022-23ರಲ್ಲಿ ಟಿಸಿಎಸ್ ತನ್ನ ವಾರ್ಷಿಕ ವರದಿಯಲ್ಲಿ ಒಂದು ಸಂಗತಿ ಒಪ್ಪಿಕೊಂಡಿತು. ಅಲ್ಲಿ ಮೊದಲೆಲ್ಲ ಕೆಲಸ ಬಿಡುವವರ ಪ್ರಮಾಣ ಹೆಂಗಸರಲ್ಲಿ ಗಂಡಸರಷ್ಟೇ ಅಥವಾ ಅದಕ್ಕಿಂತ ಕಮ್ಮಿ ಇತ್ತು, ಆ ವರ್ಷ ಹೆಂಗಸರದ್ದೇ ಜಾಸ್ತಿಯಾಯಿತು. ಮನೆಯಿಂದ ಕೆಲಸ ಮಾಡಿದ ಕಾಲದಲ್ಲಿ ಕೆಲವರ ಮನೆ ವ್ಯವಸ್ಥೆಯೇ ಬದಲಾಗಿ, ಮತ್ತೆ ಹಳೆಯದಕ್ಕೆ ಮರಳುವುದು ಕಷ್ಟವಾಗಿರಬಹುದು ಅನ್ನುವುದು ಕಂಪನಿಯ ಆಗಿನ ಮಾನವ ಸಂಪನ್ಮೂಲ ಮುಖ್ಯಸ್ಥರ ಊಹೆಯಾಗಿತ್ತು.

ಶರ್ಲಿ ಕಂಪನಿಯ ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ಕಾಣುತ್ತದೆ. ನಮ್ಮಲ್ಲಿ ಮನೆಗೆ ಹೋಗಿದ್ದು ಲ್ಯಾಪ್‌ಟಾಪ್ ಮಾತ್ರ. ಕೆಲಸ ಅಳೆಯುವ ಕೋಲು ಹಾಗೇ ಉಳಿಯಿತು: ಬೆಳಿಗ್ಗೆ ಸ್ಟ್ಯಾಂಡಪ್ ಅನ್ನುವ ಚುಟುಕು ಮೀಟಿಂಗ್, ರಾತ್ರಿ ಅಮೆರಿಕದವರ ಜೊತೆ ಕಾಲ್, ನಡುವೆ ಚಾಟ್‌ನಲ್ಲಿ ಕೆಲಸದಲ್ಲಿದ್ದೇವೆ ಅಂತ ತೋರಿಸುವ ಹಸಿರು ಚುಕ್ಕೆ ಇರಲೇಬೇಕು. ಗಿರಾಕಿಗೆ ಬಿಲ್ ಹೋಗುವುದು ಇಂದಿಗೂ ಬಹಳ ಕಡೆ ಗಂಟೆ ಲೆಕ್ಕದಲ್ಲಿ. ಅಲ್ಲಿ ಗಡಿಯಾರವನ್ನು ತೆಗೆದು ಹಾಕಿದ್ದರು, ಇಲ್ಲಿ ಗಡಿಯಾರ ಮಲಗುವ ಕೋಣೆಗೆ ಬಂತು.

ವಾಪಸ್ ಬರುವವರಿಗಾಗಿ ರಿಟರ್ನ್‌ಶಿಪ್ ಅನ್ನುವ ಕಾರ್ಯಕ್ರಮಗಳು ಬೆಂಗಳೂರಿನ ಹಲವು ಕಂಪನಿಗಳಲ್ಲಿ ಇವೆ. ಕೆಲವು ತಿಂಗಳ ತರಬೇತಿ, ಆಮೇಲೆ ಕಾಯಂ ಆಗಬಹುದು ಅಥವಾ ಆಗದಿರಬಹುದು. ಇಂಥದ್ದಕ್ಕೆ ಅರ್ಜಿ ಹಾಕುವ ಮುಂಚೆ ಕೇಳಿಕೊಳ್ಳಬೇಕಾದ ವಿಷಯಗಳು ಈ ಪ್ರಕರಣದಿಂದಲೇ ಸಿಗುತ್ತವೆ. ಕೊಡುವ ಕೆಲಸ ಗಿರಾಕಿಯ ನಿಜವಾದ ಪ್ರಾಜೆಕ್ಟಾ ಅಥವಾ ಬದಿಗಿಟ್ಟ ಯಾವುದೋ ಡಾಕ್ಯುಮೆಂಟೇಷನ್ನಾ? ಬಿಟ್ಟು ಹೋಗುವಾಗ ಇದ್ದ ದರ್ಜೆಗೇ ಬರುತ್ತೀರಾ, ಎರಡು ಮೆಟ್ಟಿಲು ಕೆಳಗಾ? ಆ ತಂಡದಲ್ಲಿ ಬೇರೆಯವರೂ ಮನೆಯಿಂದ ಮಾಡುತ್ತಾರಾ, ಅಥವಾ ನೀವೊಬ್ಬರೇ ಪರದೆಯ ಮೇಲಿನ ಮುಖವಾ? ಹಿಂದಿನ ಬ್ಯಾಚಿನವರಲ್ಲಿ ಎಷ್ಟು ಜನ ಈಗಲೂ ಅಲ್ಲಿದ್ದಾರೆ? ಕೊನೆಯ ಪ್ರಶ್ನೆಗೆ ಎಚ್‌ಆರ್ ನುಣುಚಿಕೊಂಡರೆ ಲಿಂಕ್ಡ್‌ಇನ್‌ನಲ್ಲಿ ಹುಡುಕಿ ಹಳೆ ಬ್ಯಾಚಿನವರೊಬ್ಬರಿಗೆ ಮೆಸೇಜ್ ಹಾಕಿ. ಇಂಥ ಮಾಹಿತಿ ಕೊಡುವುದರಲ್ಲಿ ಹೆಂಗಸರು ಸಾಮಾನ್ಯವಾಗಿ ಜಿಪುಣರಲ್ಲ.